ಸ್ಕ್ಯಾನ್ ಕೋಣೆಯಿಂದ ಓದುಗರ ಪರದೆಯವರೆಗೆ: ವೈದ್ಯಕೀಯ ಚಿತ್ರಣ ಪತ್ರಿಕೆಗೆ ಇಂಟರ್‌ಆ್ಯಕ್ಟಿವ್ ಪ್ರಕರಣ ಸಿದ್ಧಪಡಿಸುವ ಸಮಗ್ರ ಮಾರ್ಗದರ್ಶಿ

ಶಿರಸಿಯಲ್ಲಿ ಕುಳಿತು ವೈದ್ಯಕೀಯ ಚಿತ್ರಣ ಪತ್ರಿಕೆಗಳಿಗೆ ಡಿಜಿಟಲ್ ಪುಟ ಸಿದ್ಧಪಡಿಸುವುದು ನನ್ನ ಕೆಲಸ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದ ಕಡೆಯಿಂದ ನನ್ನ ಕೈಗೆ ಬರುವ ಪ್ರಕರಣಗಳಲ್ಲಿ ಬಹಳಷ್ಟನ್ನು ಮೊದಲ ಸಲ ವಾಪಸ್ ಕಳುಹಿಸಬೇಕಾಗುತ್ತದೆ. ರೋಗನಿರ್ಣಯ ಸರಿಯಿರುತ್ತದೆ, ಬರವಣಿಗೆಯೂ ಸರಿಯಿರುತ್ತದೆ, ಕೆಲಸದ ಕ್ರಮ ಮಾತ್ರ ತಲೆಕೆಳಗಾಗಿರುತ್ತದೆ. ಮೊದಲು ಚಿತ್ರ ಆರಿಸಿ, ಬಾಣ ಹಾಕಿ, ವಿಡಿಯೊ ಮಾಡಿ, ಎಲ್ಲ ಮುಗಿದ ಮೇಲೆ ರೋಗಿಯ ಹೆಸರು ನೆನಪಾಗಿ ಅಳಿಸಲು ಕೂರುತ್ತಾರೆ. ಅಷ್ಟರಲ್ಲಿ ಆ ಹೆಸರು ಹತ್ತು ಕಡತಗಳಿಗೆ ನಕಲಾಗಿರುತ್ತದೆ.

ಇಂಟರ್‌ಆ್ಯಕ್ಟಿವ್ ಪ್ರಕರಣ ಎಂದರೆ, ಓದುಗರು ಸ್ಲೈಸ್‌ಗಳನ್ನು (ದೇಹವನ್ನು ಅಡ್ಡ ಕೊಯ್ದಂತೆ ಸಾಲಾಗಿ ತೆಗೆದ ಸ್ಕ್ಯಾನ್ ಚಿತ್ರಗಳನ್ನು) ತಾವೇ ಮೇಲೆ ಕೆಳಗೆ ಸರಿಸಿ, ಕಪ್ಪು-ಬಿಳುಪಿನ ಮಟ್ಟ ಬದಲಿಸಿ, ಗುರುತಿನ ಬಾಣವನ್ನು ಬೇಕೆಂದಾಗ ತೋರಿಸಿ ಬೇಡವೆಂದಾಗ ಮರೆಸಿ ನೋಡಬಹುದಾದ ಪ್ರಕರಣ. ಉದಾಹರಣೆಗೆ ನಮ್ಮ ಕರಾವಳಿಯ ತೊಂದರೆಯೊಂದನ್ನೇ ಇಟ್ಟುಕೊಳ್ಳುತ್ತೇನೆ: ಅನ್ನನಾಳದಲ್ಲಿ ಸಿಕ್ಕಿಕೊಂಡ ಮೀನಿನ ಮುಳ್ಳು. ಎಕ್ಸ್‌ರೇಯಲ್ಲಿ ಅದು ಅನೇಕ ಸಲ ಕಾಣುವುದೇ ಇಲ್ಲ. ಸಿಟಿ ಸ್ಕ್ಯಾನ್‌ನಲ್ಲೂ ಅಡ್ಡಲಾಗಿ ಕುಳಿತಿದ್ದರೆ ಎರಡು ಮೂರು ಸ್ಲೈಸ್‌ಗಳಲ್ಲಿ ಮಾತ್ರ ಮಿಂಚಿ ಮಾಯವಾಗುತ್ತದೆ. ಒಂದೇ ಸ್ಥಿರಚಿತ್ರದಲ್ಲಿ ಬರಿಯ ಬಿಳಿ ಚುಕ್ಕೆ, ಸ್ಲೈಸ್ ಸರಿಸಿದಾಗ ಮುಳ್ಳು.

## ಮೊದಲು ಮೇಜಿನ ಮೇಲೆ ಇರಬೇಕಾದದ್ದು

8 ಜಿಬಿ ಮೆಮೊರಿಯ ಸಾಧಾರಣ ಕಂಪ್ಯೂಟರ್ ಸಾಕು. ಪಾಸ್‌ವರ್ಡ್ ಹಾಕಿ ಎನ್‌ಕ್ರಿಪ್ಟ್ ಮಾಡಿದ ಒಂದು ಹೊರ ಡಿಸ್ಕ್ ಬೇಕು. ಪೆನ್‌ಡ್ರೈವ್ ಬೇಡ, ಅದು ಕೈಯಿಂದ ಕೈಗೆ ಹೋಗುತ್ತದೆ.

ಡೈಕಾಮ್ ಕಡತ (ಸ್ಕ್ಯಾನ್ ಯಂತ್ರಗಳು ಚಿತ್ರವನ್ನೂ ರೋಗಿಯ ವಿವರವನ್ನೂ ಒಟ್ಟಿಗೆ ಇಡುವ ರೂಪ) ನೋಡಲು ವೀಸಿಸ್, ಗುರುತು ಅಳಿಸಲು ಡೈಕಾಮ್‌ಕ್ಲೀನರ್, ಕಡತದೊಳಗಿನ ಬರಹವನ್ನು ಪೂರ್ತಿ ತೆರೆದು ಓದಲು ಡಿಸಿಎಂಟಿಕೆ ಕಟ್ಟಿನಲ್ಲಿರುವ ಡಿಸಿಎಂಡಂಪ್, ಚಿತ್ರ ಅಳೆಯಲು ಇಮೇಜ್‌ಜೆ, ವಿಡಿಯೊಗೆ ಎಫ್‌ಎಫ್‌ಎಂಪೆಗ್. ಎಲ್ಲವೂ ಉಚಿತ ತಂತ್ರಾಂಶಗಳು.

ಇವೆಲ್ಲಕ್ಕಿಂತ ಮೊದಲು ಪತ್ರಿಕೆಯ ಲೇಖಕರ ಸೂಚನೆಗಳನ್ನು ಓದಿ ಒಂದು ಪ್ರಶ್ನೆಗೆ ಉತ್ತರ ಬರೆದಿಟ್ಟುಕೊಳ್ಳಿ: ಅವರ ಪುಟದಲ್ಲಿರುವ ವೀಕ್ಷಕ (ಚಿತ್ರ ತೋರಿಸುವ ತಂತ್ರಾಂಶ) ಡೈಕಾಮ್ ಕಡತವನ್ನೇ ತೆರೆಯುತ್ತದೆಯೋ, ಅಥವಾ ಪಿಎನ್‌ಜಿ ಎಂಬ ಸಾಮಾನ್ಯ ರೂಪದ ಚಿತ್ರಗಳ ಸಾಲನ್ನು ಮಾತ್ರ ತೋರಿಸುತ್ತದೆಯೋ? ಮುಂದಿನ ಅರ್ಧ ಕೆಲಸ ಈ ಉತ್ತರದ ಮೇಲೆ ನಿಂತಿದೆ. ಸೂಚನೆಯಲ್ಲಿ ಸ್ಪಷ್ಟವಿಲ್ಲದಿದ್ದರೆ ಸಂಪಾದಕರಿಗೆ ಇಮೇಲ್ ಬರೆದು ಕೇಳಿ.

## ಹಂತ 1: ರೋಗಿಯ ಒಪ್ಪಿಗೆ

ಶಸ್ತ್ರಚಿಕಿತ್ಸೆಗೆ ಪಡೆದ ಒಪ್ಪಿಗೆ ಪ್ರಕಟಣೆಗೆ ಸಲ್ಲುವುದಿಲ್ಲ. ಪ್ರಕಟಣೆಗೆ ಪ್ರತ್ಯೇಕ ಪತ್ರ ಬೇಕು, ಅದು ರೋಗಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಕಾರವಾರದ ಕಡೆ ಎಷ್ಟೋ ಮನೆಗಳಲ್ಲಿ ಕೊಂಕಣಿ ಮಾತು. ಕನ್ನಡದ ಪತ್ರವನ್ನು ಓದಿ ಹೇಳಿದರೆ ಸಾಲದು, ಅವರ ಮಾತಿನಲ್ಲಿ ವಿವರಿಸಿ.

ವಿವರಿಸುವಾಗ ಮೂರು ಸಂಗತಿ ಬಿಡಬೇಡಿ. ಚಿತ್ರಗಳು ಇಂಟರ್‌ನೆಟ್‌ನಲ್ಲಿ ಇರುತ್ತವೆ. ಹೆಸರಿಲ್ಲದಿದ್ದರೂ ಪರಿಚಯದವರು ಗುರುತಿಸುವ ಸಾಧ್ಯತೆ ಪೂರ್ತಿ ಹೋಗುವುದಿಲ್ಲ. ಪ್ರಕಟವಾದ ಮೇಲೆ ಎಲ್ಲ ಪ್ರತಿಗಳನ್ನೂ ಹಿಂದಕ್ಕೆ ಪಡೆಯಲು ಆಗುವುದಿಲ್ಲ. ಇಷ್ಟು ಕೇಳಿಯೂ ಒಪ್ಪಿದರೆ ಅದು ಒಪ್ಪಿಗೆ. ಸಹಿ ಮಾಡಿದ ಪತ್ರ ನಿಮ್ಮಲ್ಲೇ ಇರಲಿ. ಪತ್ರಿಕೆಗೆ ಕಳುಹಿಸುವ ಕಡತದೊಳಗೆ ಅದನ್ನು ಸೇರಿಸಿದರೆ ಹೆಸರು ಅಲ್ಲಿಂದಲೇ ಹೊರಬೀಳುತ್ತದೆ.

## ಹಂತ 2: ಮೂಲ ಕಡತ ಪಡೆಯುವುದು

ಫಿಲ್ಮನ್ನು ಕಿಟಕಿಗೆ ಹಿಡಿದು ಮೊಬೈಲ್‌ನಲ್ಲಿ ತೆಗೆದ ಫೋಟೊ, ವಾಟ್ಸ್‌ಆ್ಯಪ್‌ನಲ್ಲಿ ಬಂದ ಚಿತ್ರ, ವರದಿಯ ಪಿಡಿಎಫ್‌ನಿಂದ ಕತ್ತರಿಸಿದ ತುಣುಕು ಯಾವುದೂ ಈ ಕೆಲಸಕ್ಕೆ ಬರುವುದಿಲ್ಲ. ಸಿಟಿಯ ಮೂಲ ಕಡತ ಸಾಮಾನ್ಯವಾಗಿ 12 ಬಿಟ್, ಅಂದರೆ ಕಪ್ಪು-ಬಿಳುಪಿನ 4096 ಮಟ್ಟಗಳು. ಜೆಪೆಗ್ ಆದ ಮೇಲೆ ಉಳಿಯುವುದು 256. ಕಳೆದುಹೋದ ಮಟ್ಟಗಳನ್ನು ಯಾವ ತಂತ್ರಾಂಶವೂ ಮರಳಿ ತರುವುದಿಲ್ಲ.

ನಮ್ಮ ಜಿಲ್ಲೆಯ ರೋಗಿಗಳ ಸ್ಕ್ಯಾನ್ ಒಂದೇ ಕಡೆ ಆಗಿರುವುದು ಕಡಿಮೆ. ಮೊದಲನೆಯದು ಊರ ಹತ್ತಿರ, ಎರಡನೆಯದು ಹುಬ್ಬಳ್ಳಿಯಲ್ಲೋ ಮಣಿಪಾಲದಲ್ಲೋ ಗೋವಾದಲ್ಲೋ. ಎಲ್ಲ ಕಡೆಯಿಂದಲೂ ಡೈಕಾಮ್ ಸಿಡಿಯನ್ನೇ ಕೇಳಿ. ಕೇಳುವಾಗ ‘ತೆಳು ಸ್ಲೈಸ್‌ಗಳ ಸೀರೀಸ್ ಕೊಡಿ’ ಎಂದು ಬಾಯಿಬಿಟ್ಟು ಹೇಳಿ. ಸೀರೀಸ್ ಎಂದರೆ ಒಟ್ಟಿಗೆ ಸಾಲಾಗಿ ಬರುವ ಸ್ಲೈಸ್‌ಗಳ ಒಂದು ಕಟ್ಟು. ಸಿಡಿಗೆ ಹಾಕುವಾಗ ಜಾಗ ಉಳಿಸಲು 5 ಮಿಲಿಮೀಟರ್ ಸ್ಲೈಸ್‌ಗಳನ್ನು ಮಾತ್ರ ಕೊಡುವುದುಂಟು. ಅಷ್ಟು ದಪ್ಪದ ಸ್ಲೈಸ್‌ನಲ್ಲಿ ಮೀನಿನ ಮುಳ್ಳು ಸುತ್ತಲಿನ ಮಾಂಸದ ಜೊತೆ ಸರಾಸರಿಯಾಗಿ ಬೂದು ಬಣ್ಣಕ್ಕೆ ಇಳಿದುಬಿಡುತ್ತದೆ. 1 ಮಿಲಿಮೀಟರ್ ಆಸುಪಾಸಿನ ಸೀರೀಸ್ ಇದ್ದರೆ ಮಾತ್ರ ಪ್ರಕರಣ ನಿಲ್ಲುತ್ತದೆ. ತೆಳು ಸೀರೀಸ್‌ಗಳನ್ನು ಹೆಚ್ಚು ದಿನ ಇಟ್ಟುಕೊಳ್ಳದ ಕೇಂದ್ರಗಳೂ ಇವೆ, ಹಾಗಾಗಿ ಪ್ರಕರಣ ಬರೆಯುವ ಮನಸ್ಸಾದ ದಿನವೇ ಕೇಳಿಬಿಡಿ.

ಅಪಾಯದ ಸೂಚನೆ: ಸಿಡಿಯ ಒಟ್ಟು ಗಾತ್ರ ನೋಡಿ. 512×512 ಚುಕ್ಕೆಗಳ (ಪಿಕ್ಸೆಲ್‌ಗಳ) ಒಂದು ಸಿಟಿ ಸ್ಲೈಸ್ ಒತ್ತದೆ (ಕಂಪ್ರೆಸ್ ಮಾಡದೆ) ಇಟ್ಟರೆ ಸುಮಾರು ಅರ್ಧ ಎಂಬಿ. 300 ಸ್ಲೈಸ್ ಎಂದರೆ 150 ಎಂಬಿ. ಇಡೀ ಸಿಡಿ 20 ಎಂಬಿಯಷ್ಟೇ ಇದ್ದರೆ ದಪ್ಪ ಸ್ಲೈಸ್ ಬಂದಿದೆ, ಇಲ್ಲವೇ ಚಿತ್ರ ಒತ್ತಲ್ಪಟ್ಟಿದೆ.

## ಹಂತ 3: ಗುರುತು ಅಳಿಸುವುದು

ಈ ಹಂತಕ್ಕೆ ಒಂದು ಇಡೀ ಮಧ್ಯಾಹ್ನ ಮೀಸಲಿಡಿ. ಸಿಡಿಯನ್ನು ಡಿಸ್ಕಿಗೆ ನಕಲು ಮಾಡಿ, ಮೂಲವನ್ನು ಮುಟ್ಟದೆ, ನಕಲಿನ ಮೇಲೆ ಕೆಲಸ ಮಾಡಿ. ಇದು ಮುಗಿಯುವವರೆಗೆ ಒಂದೇ ಒಂದು ಚಿತ್ರವನ್ನೂ ಬೇರೆ ರೂಪಕ್ಕೆ ಬದಲಿಸಬೇಡಿ. ಹೆಸರು ಅಡಗುವ ಜಾಗಗಳು ಹಲವು, ಒಂದೊಂದಾಗಿ ನೋಡಬೇಕು.

ಕಡತದ ಹೆಡರ್. ಪ್ರತಿ ಡೈಕಾಮ್ ಕಡತದ ತಲೆಯಲ್ಲಿ ಟ್ಯಾಗ್‌ಗಳ ಪಟ್ಟಿ ಇರುತ್ತದೆ. 0010,0010ರಲ್ಲಿ ರೋಗಿಯ ಹೆಸರು, 0010,0020ರಲ್ಲಿ ಆಸ್ಪತ್ರೆಯ ಸಂಖ್ಯೆ, 0010,0030ರಲ್ಲಿ ಹುಟ್ಟಿದ ದಿನ, 0008,0080ರಲ್ಲಿ ಸಂಸ್ಥೆಯ ಹೆಸರು, 0008,0090ರಲ್ಲಿ ಕಳುಹಿಸಿದ ವೈದ್ಯರ ಹೆಸರು. ಇವನ್ನು ತಂತ್ರಾಂಶ ತಾನೇ ಅಳಿಸುತ್ತದೆ. ತೊಂದರೆ ಇರುವುದು ಕೈಯಿಂದ ಟೈಪ್ ಮಾಡುವ ಜಾಗಗಳಲ್ಲಿ. ಗಡಿಬಿಡಿಯ ದಿನ ಟೆಕ್ನಿಷಿಯನ್ ಸೀರೀಸ್ ವಿವರಣೆಯಲ್ಲೋ ಟಿಪ್ಪಣಿಯಲ್ಲೋ ರೋಗಿಯ ಊರು, ಫೋನ್ ಸಂಖ್ಯೆ ಬರೆದಿರಬಹುದು. ಗುಂಪಿನ ಸಂಖ್ಯೆ (ಅಲ್ಪವಿರಾಮದ ಮೊದಲಿನ ಭಾಗ) ಬೆಸವಾಗಿರುವ ಟ್ಯಾಗ್‌ಗಳು ಯಂತ್ರದ ಕಂಪನಿಗಳು ತಮಗಾಗಿ ಇಟ್ಟುಕೊಂಡ ಖಾಸಗಿ ಜಾಗ. ಅಲ್ಲೂ ಹೆಸರಿನ ಇನ್ನೊಂದು ಪ್ರತಿ ಕುಳಿತಿರಬಹುದು. ಖಾಸಗಿ ಟ್ಯಾಗ್‌ಗಳನ್ನು ತೆಗೆದುಹಾಕಿ.

ಎಲ್ಲವನ್ನೂ ಗುಡಿಸಿ ಹಾಕಲೂಬಾರದು. ಸ್ಲೈಸ್‌ನ ದಪ್ಪ, ಚುಕ್ಕೆಗಳ ನಡುವಿನ ಅಂತರ, ಸ್ಲೈಸ್‌ನ ಸ್ಥಾನ ಮತ್ತು ದಿಕ್ಕು, ರೀಸ್ಕೇಲ್ ಮೌಲ್ಯಗಳು (ಕಡತದ ಅಂಕೆಗಳನ್ನು ಸಾಂದ್ರತೆಯ ಮಾನಕ್ಕೆ ಬದಲಿಸುವ ಸಂಖ್ಯೆಗಳು) ಉಳಿಯಲೇಬೇಕು. ಇವು ಹೋದರೆ ವೀಕ್ಷಕದಲ್ಲಿ ಅಳತೆ ಬರುವುದಿಲ್ಲ, ಸ್ಲೈಸ್‌ಗಳು ಕಲಸಿಹೋಗುತ್ತವೆ.

ಯುಐಡಿ ಸಂಖ್ಯೆಗಳನ್ನು (ಪ್ರತಿ ಕಡತಕ್ಕೂ ಪ್ರತಿ ಸೀರೀಸ್‌ಗೂ ಇರುವ ಗುರುತಿನ ಸಂಖ್ಯೆಗಳನ್ನು) ಬದಲಿಸುವಾಗ ಇಡೀ ಸೀರೀಸನ್ನು ತಂತ್ರಾಂಶಕ್ಕೆ ಒಟ್ಟಿಗೆ ಕೊಡಿ. ಒಂದೊಂದೇ ಕಡತವನ್ನು ಬೇರೆ ಬೇರೆಯಾಗಿ ಹಾಯಿಸಿದರೆ ಪ್ರತಿ ಸ್ಲೈಸ್‌ಗೂ ಬೇರೆ ಸೀರೀಸ್ ಸಂಖ್ಯೆ ಬಿದ್ದು, ಪತ್ರಿಕೆಯ ವೀಕ್ಷಕದಲ್ಲಿ 300 ಸ್ಲೈಸ್‌ಗಳ ಒಂದು ಸೀರೀಸ್ ಬದಲು ಒಂದೊಂದು ಸ್ಲೈಸ್‌ನ 300 ಸೀರೀಸ್‌ಗಳು ಕಾಣುತ್ತವೆ. ದಿನಾಂಕಗಳನ್ನೂ ಹಾಗೆಯೇ: ಎಲ್ಲ ಸ್ಕ್ಯಾನ್‌ಗಳನ್ನೂ ಒಂದೇ ಸಂಖ್ಯೆಯ ದಿನಗಳಷ್ಟು ಹಿಂದೆ ಸರಿಸಿ. ಆಗ ಎರಡು ಸ್ಕ್ಯಾನ್‌ಗಳ ನಡುವಿನ ಅಂತರ ನಿಜವಾಗಿಯೇ ಉಳಿಯುತ್ತದೆ.

ಚಿತ್ರದೊಳಗಿನ ಅಕ್ಷರ. ಅಲ್ಟ್ರಾಸೌಂಡ್ ಚಿತ್ರದ ಮೇಲಂಚಿನಲ್ಲಿ ಹೆಸರು ಚುಕ್ಕೆಗಳಾಗಿಯೇ ಅಚ್ಚಾಗಿರುತ್ತದೆ. ಹೆಡರ್ ಅಳಿಸಿದರೆ ಅದು ಹೋಗುವುದಿಲ್ಲ. ಸಿಟಿಯಲ್ಲಿ ಸೀರೀಸ್‌ಗಳ ಕೊನೆಯಲ್ಲಿ ಬರುವ ವಿಕಿರಣ ಪ್ರಮಾಣದ ಪುಟ ಇದೇ ಜಾತಿಯದು. ನಾನು ಈ ಕೆಲಸಕ್ಕೆ ಬಂದ ಹೊಸದರಲ್ಲಿ 400 ಸ್ಲೈಸ್‌ಗಳನ್ನು ಒಂದೊಂದಾಗಿ ಪರೀಕ್ಷಿಸಿ ನೆಮ್ಮದಿಯಿಂದ ಕುಳಿತಿದ್ದಾಗ, ಕಟ್ಟಕಡೆಯ ಆ ಒಂದು ಪುಟದಲ್ಲಿ ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರದಲ್ಲಿ ರೋಗಿಯ ಪೂರ್ತಿ ಹೆಸರು ಇತ್ತು. ಪುಣ್ಯಕ್ಕೆ ಕಡತ ಇನ್ನೂ ನನ್ನ ಮೇಜಿನಲ್ಲೇ ಇತ್ತು. ಅಂದಿನಿಂದ ನಾನು ಕೊನೆಯ ಸೀರೀಸ್‌ನಿಂದಲೇ ಪರೀಕ್ಷೆ ಆರಂಭಿಸುತ್ತೇನೆ, ನೀವೂ ಹಾಗೆ ಮಾಡಿ. ಪ್ರಮಾಣದ ಪುಟವನ್ನು ತೆಗೆದೇ ಬಿಡಿ, ಪ್ರಕರಣಕ್ಕೆ ಅದು ಬೇಕಾಗುವುದಿಲ್ಲ.

ಚಿತ್ರದೊಳಗಿನ ಹೆಸರನ್ನು ಮುಚ್ಚುವಾಗ ಗಟ್ಟಿ ಕಪ್ಪು ಚೌಕ ಬಳಸಿ, ಮಸುಕು ಮಾಡಬೇಡಿ. ಈ ಕೆಲಸವನ್ನು ಪವರ್‌ಪಾಯಿಂಟ್‌ನಲ್ಲಂತೂ ಮಾಡಲೇಬೇಡಿ. ಅಲ್ಲಿ ಹಾಕಿದ ಕಪ್ಪು ಚೌಕ ಹೆಸರಿನ ಮೇಲೆ ಹೊದಿಸಿದ ಬಟ್ಟೆ ಅಷ್ಟೇ, ಸರಿಸಿದರೆ ಕೆಳಗೆ ಹೆಸರು ಇದ್ದಲ್ಲೇ ಇದೆ. ಕ್ರಾಪ್ ಮಾಡಿದ ಅಂಚೂ ಕಡತದೊಳಗೆ ಉಳಿದುಕೊಂಡಿರುತ್ತದೆ.

ಕಡತದ ಹೆಸರು ಮತ್ತು ಜೊತೆಗೆ ಬಂದದ್ದು. ಫೋಲ್ಡರಿನ ಹೆಸರೇ ರೋಗಿಯ ಹೆಸರಾಗಿರುವುದು ಮಾಮೂಲು. ಸಿಡಿಯಲ್ಲಿ ಡೈಕಾಮ್‌ಡಿರ್ ಎಂಬ ಸೂಚಿ ಕಡತ ಇರುತ್ತದೆ, ಅದರೊಳಗೂ ಹೆಸರಿದೆ. ವರದಿಯ ಪಿಡಿಎಫ್, ಸಿಡಿಯ ಜೊತೆಗಿನ ವೀಕ್ಷಕ ತಂತ್ರಾಂಶ, ಕಂಪ್ಯೂಟರ್ ತಾನೇ ಮಾಡಿಟ್ಟ ಅಡಗಿದ ಕಿರುಚಿತ್ರ ಕಡತಗಳು ಎಲ್ಲವನ್ನೂ ಬಿಟ್ಟು, ಚಿತ್ರಗಳನ್ನು ಮಾತ್ರ ಹೊಸ ಫೋಲ್ಡರಿಗೆ ತೆಗೆದುಕೊಳ್ಳಿ.

ಮುಖ. ತಲೆಯ ತೆಳು ಸ್ಲೈಸ್‌ಗಳ ಸಿಟಿ ಅಥವಾ ಎಂಆರ್‌ಐ ಇದ್ದರೆ, ಅದರಿಂದ ಯಾರು ಬೇಕಾದರೂ ಮೂರು ಆಯಾಮದ ಮುಖ ಕಟ್ಟಬಹುದು. ಮೂಗು, ತುಟಿ, ಹಣೆ ಎಲ್ಲ ಮೂಡುತ್ತವೆ. ಪ್ರಕರಣ ಮಿದುಳಿನದ್ದಾದರೆ ಮುಖ ತೆಗೆಯುವ ತಂತ್ರಾಂಶ ಬಳಸಿ, ಅಥವಾ ಮುಖ ಬರುವ ಸ್ಲೈಸ್‌ಗಳನ್ನೇ ಕೊಡಬೇಡಿ. ನಮ್ಮ ಮುಳ್ಳಿನ ಪ್ರಕರಣದಲ್ಲಿ ಗದ್ದದ ಕೆಳಗಿನಿಂದ ಆರಂಭಿಸಿದರೆ ಸಮಸ್ಯೆಯೇ ಇಲ್ಲ.

ಪರೀಕ್ಷೆ. ಎಲ್ಲ ಮುಗಿದ ಮೇಲೆ ಡಿಸಿಎಂಡಂಪ್‌ನಿಂದ ಹೆಡರನ್ನು ಪಠ್ಯವಾಗಿ ತೆಗೆದು, ಅದರಲ್ಲಿ ರೋಗಿಯ ಹೆಸರು, ಅಡ್ಡಹೆಸರು, ಊರು, ಆಸ್ಪತ್ರೆ ಸಂಖ್ಯೆ ಹುಡುಕಿ. ಹೆಸರಿನ ಬೇರೆ ಬೇರೆ ಕಾಗುಣಿತದಲ್ಲೂ ಹುಡುಕಿ. ‘ನಾಯ್ಕ’, ‘ನಾಯಕ’, ‘ನಾಯಕ್’ ಮೂರೂ ನಮ್ಮ ಜಿಲ್ಲೆಯ ದಾಖಲೆಗಳಲ್ಲಿ ಬರುತ್ತವೆ, ಇಂಗ್ಲಿಷ್ ಅಕ್ಷರದಲ್ಲಿ ಅವುಗಳ ರೂಪ ಇನ್ನಷ್ಟು. ನಂತರ, ಈ ಪ್ರಕರಣವನ್ನು ನೋಡಿರದ ಸಹೋದ್ಯೋಗಿಯೊಬ್ಬರ ಕೈಗೆ ಕೊಟ್ಟು ‘ಇದು ಯಾರದ್ದೆಂದು ಹುಡುಕಿ’ ಎನ್ನಿ.

## ಹಂತ 4: ಸ್ಲೈಸ್ ಆರಿಸಿ ಸಾಲಿಗೆ ಹಚ್ಚುವುದು

900 ಸ್ಲೈಸ್ ಇದ್ದರೆ 900ನ್ನೂ ಕೊಡುವುದು ಓದುಗರಿಗೆ ಉಪಕಾರವಲ್ಲ. ಮುಳ್ಳು ಇರುವ ಜಾಗಕ್ಕಿಂತ ಸಾಕಷ್ಟು ಮೇಲಿನಿಂದ ಸಾಕಷ್ಟು ಕೆಳಗಿನವರೆಗೆ, 60ರಿಂದ 100 ಸ್ಲೈಸ್ ಸಾಕು. ಆದರೆ ಮುಳ್ಳಿನ ಆಸುಪಾಸಿನ ಎಂಟು ಹತ್ತು ಸ್ಲೈಸ್‌ಗಳನ್ನು ಮಾತ್ರ ಕೊಟ್ಟರೆ ಓದುಗರು ಹುಡುಕುವ ಮೊದಲೇ ಉತ್ತರ ಕೊಟ್ಟಂತಾಯಿತು.

ಸಾಲು ಹಚ್ಚುವಾಗ ಕಡತದ ಹೆಸರನ್ನು ನಂಬಬೇಡಿ. ಕಂಪ್ಯೂಟರ್ ಹೆಸರನ್ನು ಅಕ್ಷರವಾಗಿ ಓದಿ 1, 10, 100, 2, 20 ಎಂದು ಜೋಡಿಸಿಬಿಡಬಹುದು. ಹೆಡರಿನ 0020,0032 ಟ್ಯಾಗ್‌ನಲ್ಲಿರುವ ಸ್ಥಾನದ ಮೌಲ್ಯದ ಪ್ರಕಾರ ಜೋಡಿಸಿ, ಆಮೇಲೆ 001, 002, 003 ಎಂದು ಸೊನ್ನೆ ಸೇರಿಸಿ ಹೊಸ ಹೆಸರು ಕೊಡಿ. ಸರಿಸುತ್ತಾ ಹೋದಾಗ ಶ್ವಾಸನಾಳ ಒಂದು ಕ್ಷಣ ಕುತ್ತಿಗೆಯಲ್ಲಿ, ಮರುಕ್ಷಣ ಎದೆಯಲ್ಲಿ ಹಾರಿದಂತೆ ಕಂಡರೆ ಸಾಲು ತಪ್ಪಿದೆ ಎಂದೇ ಅರ್ಥ.

ಎಡ-ಬಲ ಪರೀಕ್ಷಿಸದೆ ಮುಂದೆ ಹೋಗಬೇಡಿ. ರೋಗಿಯ ಬಲಭಾಗ ಚಿತ್ರದ ಎಡಕ್ಕೆ ಇರಬೇಕು. ರೂಪ ಬದಲಿಸುವ ಕೆಲವು ತಂತ್ರಾಂಶಗಳಲ್ಲಿ ಚಿತ್ರ ಕನ್ನಡಿಯಂತೆ ತಿರುಗಿಬಿಡುತ್ತದೆ. ಹೊಟ್ಟೆಯ ಸ್ಲೈಸ್‌ನಲ್ಲಿ ಯಕೃತ್ತು ಚಿತ್ರದ ಎಡಕ್ಕಿದೆಯೇ, ಎದೆಯ ಸ್ಲೈಸ್‌ನಲ್ಲಿ ಮಹಾಪಧಮನಿಯ ಕಮಾನು ಚಿತ್ರದ ಬಲಕ್ಕಿದೆಯೇ ಎಂದು ನೋಡಿ. ಅಂಗಗಳು ಹುಟ್ಟಿನಿಂದಲೇ ಅದಲುಬದಲಾಗಿರುವವರೂ ಇರುತ್ತಾರೆ, ಆದ್ದರಿಂದ ಅನುಮಾನ ಬಂದಾಗ ಮೂಲ ಸಿಡಿಯ ಜೊತೆ ಹೋಲಿಸಿ.

## ಹಂತ 5: ವಿಂಡೋ ನಿಗದಿ

ವಿಂಡೋ ಎಂದರೆ ಸಾವಿರಾರು ಮಟ್ಟಗಳಲ್ಲಿ ಯಾವ ಪಟ್ಟಿಯನ್ನು ಕಣ್ಣಿಗೆ ತೋರಿಸಬೇಕು ಎಂಬ ಆಯ್ಕೆ. ಸಿಟಿಯಲ್ಲಿ ಸಾಂದ್ರತೆ ತಿಳಿಸುವ ಹೌನ್ಸ್‌ಫೀಲ್ಡ್ ಮಾನದಲ್ಲಿ ನೀರು 0, ಗಾಳಿ −1000. ಮೃದು ಅಂಗಾಂಶಕ್ಕೆ ಸಾಮಾನ್ಯವಾಗಿ ಮಧ್ಯ 40, ಅಗಲ 400. ಶ್ವಾಸಕೋಶಕ್ಕೆ ಮಧ್ಯ −600, ಅಗಲ 1500. ಮಿದುಳಿಗೆ ಮಧ್ಯ 40, ಅಗಲ 80. ಮೂಳೆಗೆ ಮಧ್ಯ 400, ಅಗಲ 2000ದ ಆಸುಪಾಸು.

ಮುಳ್ಳಿನ ಪ್ರಕರಣದಲ್ಲಿ ಇದು ಹೇಗೆ ಕೈಕೊಡುತ್ತದೆ ನೋಡಿ. 40/400 ವಿಂಡೋದಲ್ಲಿ −160ರಿಂದ 240ರವರೆಗಿನ ಮಟ್ಟಗಳು ಮಾತ್ರ ಬೂದು ಛಾಯೆಗಳಾಗಿ ಕಾಣುತ್ತವೆ. 240 ದಾಟಿದ್ದೆಲ್ಲ ಒಂದೇ ಬಿಳುಪು. ರೋಗಿಗೆ ಕುಡಿಯಲು ಕಾಂಟ್ರಾಸ್ಟ್ (ಸ್ಕ್ಯಾನ್‌ನಲ್ಲಿ ಬೆಳ್ಳಗೆ ಕಾಣುವ ದ್ರವ) ಕೊಟ್ಟಿದ್ದರೆ ಅದೂ ಬಿಳುಪು, ಮುಳ್ಳೂ ಬಿಳುಪು, ಪಕ್ಕದ ಮೃದ್ವಸ್ಥಿಯಲ್ಲಿ ಕಟ್ಟಿದ ಸುಣ್ಣದಂಶವೂ ಬಿಳುಪು. ಅದಕ್ಕೇ ಕಾಂಟ್ರಾಸ್ಟ್ ಇಲ್ಲದ ಸೀರೀಸನ್ನು ಮೊದಲು ಇಡಿ, ಮೂಳೆಯ ವಿಂಡೋವನ್ನೂ ಜೊತೆಗೆ ಕೊಡಿ. ವಿಂಡೋ ಅಗಲಿಸಿದಾಗ ಮುಳ್ಳಿನ ಎರಡೂ ಅಂಚು ಬಿಡಿಯಾಗಿ ಕಾಣುತ್ತವೆ.

ಪತ್ರಿಕೆಯ ವೀಕ್ಷಕ ಡೈಕಾಮ್ ತೆರೆಯುವುದಾದರೆ ಆರಂಭದ ವಿಂಡೋ ಬರೆದುಕೊಟ್ಟರೆ ಸಾಕು, ಉಳಿದದ್ದು ಓದುಗರ ಕೈಯಲ್ಲಿ. ಪಿಎನ್‌ಜಿ ಸಾಲು ಮಾತ್ರ ತೆಗೆದುಕೊಳ್ಳುವುದಾದರೆ ಪ್ರತಿ ವಿಂಡೋಗೂ ಒಂದೊಂದು ಪೂರ್ತಿ ಸಾಲು ಮಾಡಿ. ಎರಡು ಸಾಲುಗಳ ಸ್ಲೈಸ್ ಸಂಖ್ಯೆಗಳು ಒಂದಕ್ಕೊಂದು ತಾಳೆಯಾಗಬೇಕು.

## ಹಂತ 6: ಬಾಣ, ಗುರುತು, ಅಳತೆ

ಬಾಣವನ್ನು ಚಿತ್ರದೊಳಗೆ ಅಚ್ಚೊತ್ತಬೇಡಿ. ಒಮ್ಮೆ ಅಚ್ಚಾದರೆ ಅದರ ಕೆಳಗಿನ ಚುಕ್ಕೆಗಳು ಹೋದವು. ಮುಳ್ಳಿನಂಥ ಸಣ್ಣ ವಸ್ತುವಿನ ಪ್ರಕರಣದಲ್ಲಿ ಬಾಣದ ತುದಿಯೇ ಮುಳ್ಳನ್ನು ನುಂಗಿಬಿಟ್ಟ ಸಲ್ಲಿಕೆಗಳನ್ನು ನೋಡಿದ್ದೇನೆ. ಸ್ಲೈಸ್ ಸಂಖ್ಯೆ, ಅಡ್ಡ ಮತ್ತು ಲಂಬ ಚುಕ್ಕೆಯ ಸಂಖ್ಯೆ, ಗುರುತಿನ ವಿವರಣೆ ಇಷ್ಟನ್ನು ಒಂದು ಕೋಷ್ಟಕದಲ್ಲಿ ಬರೆದು ಕೊಡಿ. ಪುಟ ಕಟ್ಟುವವರು ಅದನ್ನು ಬೇರೆ ಪದರವಾಗಿ ಹಾಕುತ್ತಾರೆ. ಸಂಖ್ಯೆಗಳನ್ನು ಮೂಲ ಗಾತ್ರದ ಚಿತ್ರದ ಮೇಲೆಯೇ ತೆಗೆದುಕೊಳ್ಳಿ, ಹಿಗ್ಗಿಸಿದ ಚಿತ್ರದ ಮೇಲೆ ಅಲ್ಲ. ಅಳತೆಯೂ ಹಾಗೆಯೇ: ಚಿತ್ರ ಹಿಗ್ಗಿದರೆ ಮಿಲಿಮೀಟರ್ ಸುಳ್ಳಾಗುತ್ತದೆ. ಪಿಎನ್‌ಜಿಯಾದರೆ 1 ಸೆಂಟಿಮೀಟರ್‌ನ ಅಳತೆಪಟ್ಟಿಯನ್ನು ಮೂಲೆಯಲ್ಲಿ ಹಾಕಿಸಿ.

ಪುಟ ತೆರೆದಾಗ ಗುರುತುಗಳು ಮರೆಯಾಗಿರಲಿ. ಕೆಂಪು-ಹಸಿರಿನ ವ್ಯತ್ಯಾಸದ ಮೇಲೆ ಏನನ್ನೂ ನಿಲ್ಲಿಸಬೇಡಿ, ಅದು ಕಾಣದ ಕಣ್ಣುಗಳಿವೆ. ಬಾಣ, ವೃತ್ತ, ನಕ್ಷತ್ರ ಎಂದು ಆಕಾರದಿಂದ ಬೇರ್ಪಡಿಸಿ.

## ಹಂತ 7: ವಿಡಿಯೊ

ಅಲ್ಟ್ರಾಸೌಂಡ್, ಎಕೊ (ಹೃದಯದ ಅಲ್ಟ್ರಾಸೌಂಡ್), ನುಂಗುವಾಗಿನ ಎಕ್ಸ್‌ರೇ ಪರೀಕ್ಷೆ, ಹೀಗೆ ಚಲನೆಯೇ ವಿಷಯವಾದಾಗ ಮಾತ್ರ ವಿಡಿಯೊ ಮಾಡಿ. ಸಿಟಿ ಸ್ಲೈಸ್‌ಗಳನ್ನು ವಿಡಿಯೊ ಮಾಡಿದರೆ ಓದುಗರು ಬೇಕಾದಲ್ಲಿ ನಿಲ್ಲಿಸಿ ನೋಡುವುದು ಕಷ್ಟ. ಕಡತದ ರೂಪ ಎಂಪಿ4, ವಿಡಿಯೊ ಒತ್ತುವ ವಿಧಾನ ಎಚ್.264, ಉದ್ದ 20ರಿಂದ 30 ಸೆಕೆಂಡ್ ಇರಲಿ. ಅಗಲ ಮತ್ತು ಎತ್ತರ ಎರಡೂ ಸಮಸಂಖ್ಯೆಯಾಗಿರಲಿ, ಇಲ್ಲದಿದ್ದರೆ ಪರಿವರ್ತನೆ ಅರ್ಧಕ್ಕೆ ನಿಲ್ಲುತ್ತದೆ. ಧ್ವನಿಯನ್ನು ಕಡ್ಡಾಯವಾಗಿ ತೆಗೆಯಿರಿ. ಪರೀಕ್ಷೆಯ ಕೋಣೆಯಲ್ಲಿ ರೋಗಿಯನ್ನು ಹೆಸರು ಹಿಡಿದು ಕರೆದ ಮಾತು ಅದರಲ್ಲಿ ದಾಖಲಾಗಿರಬಹುದು.

## ಹಂತ 8: ಪ್ರಕರಣದ ಬರಹ

ಚಿತ್ರದಿಂದ ಹೆಸರು ಅಳಿಸಿ, ಬರಹದಲ್ಲಿ ವ್ಯಕ್ತಿಯನ್ನೇ ತಂದು ನಿಲ್ಲಿಸುವುದು ನಾನು ಅತಿ ಹೆಚ್ಚು ಕಾಣುವ ತಪ್ಪು. ‘ಅಂಕೋಲಾ ತಾಲ್ಲೂಕಿನ 52 ವರ್ಷದ ಮೀನು ಮಾರುವ ಮಹಿಳೆ, ಗಣೇಶ ಚೌತಿಯ ಮರುವಾರ ಬಂಗುಡೆ ತಿಂದ ಮೇಲೆ’ ಎಂದು ಬರೆದರೆ ಆ ಊರಿನವರಿಗೆ ಇನ್ನೇನು ಬೇಕು? ‘ಐವತ್ತರ ಆಸುಪಾಸಿನ ಮಹಿಳೆ, ಮೀನು ತಿಂದ ಎರಡು ದಿನಗಳ ನಂತರ’ ಎಂದರೆ ವೈದ್ಯಕೀಯವಾಗಿ ಏನೂ ಕಡಿಮೆಯಾಗುವುದಿಲ್ಲ.

ಕೆಲವು ವಿವರ ಬಿಡಲಾಗುವುದಿಲ್ಲ. ಅಡಿಕೆ ಮರದಿಂದ ಬಿದ್ದು ಬೆನ್ನುಮೂಳೆ ಮುರಿದ ಕೊನೆಗೌಡನ (ಅಡಿಕೆ ಕೊನೆ ಕೊಯ್ಯುವವನ) ಪ್ರಕರಣದಲ್ಲಿ ಎಷ್ಟು ಎತ್ತರದಿಂದ, ಹೇಗೆ ಬಿದ್ದ ಎಂಬುದೇ ಮುರಿತದ ಬಗೆಯನ್ನು ವಿವರಿಸುತ್ತದೆ. ಅಂಥಲ್ಲಿ ವೃತ್ತಿ ಇರಲಿ, ಊರು ಮತ್ತು ತಿಂಗಳು ಹೋಗಲಿ. ಬಿಡಬಹುದಾದದ್ದನ್ನು ಬಿಡಿ, ಆದರೆ ಬದಲಿಸಬೇಡಿ. ಗಂಡಸನ್ನು ಹೆಂಗಸೆಂದೋ ನಲವತ್ತನ್ನು ಅರುವತ್ತೆಂದೋ ಬರೆದರೆ ಪ್ರಕರಣವೇ ಸುಳ್ಳಾಗುತ್ತದೆ.

ಪ್ರತಿ ಚಿತ್ರಸಾಲಿಗೂ ಎರಡು ಬರಹ ಬೇಕು. ಒಂದು ಅಡಿಬರಹ. ಇನ್ನೊಂದು, ಚಿತ್ರ ಕಾಣದವರಿಗೆ ಪರದೆ ಓದುವ ತಂತ್ರಾಂಶ ಓದಿ ಹೇಳುವ ವಿವರಣೆ. ‘ಕುತ್ತಿಗೆಯ ಸಿಟಿ’ ಎಂದು ಬರೆದು ಮುಗಿಸಬೇಡಿ. ಯಾವ ಮಟ್ಟ, ಏನು ಕಾಣುತ್ತದೆ, ಎಷ್ಟು ಉದ್ದ ಎಂದು ಎರಡು ವಾಕ್ಯದಲ್ಲಿ ಹೇಳಿ.

## ಹಂತ 9: ಕಟ್ಟಿ ಕಳುಹಿಸುವುದು

ಕಡತಗಳ ಹೆಸರಿನಲ್ಲಿ ಖಾಲಿ ಜಾಗ ಬೇಡ, ಇಂಗ್ಲಿಷ್ ಅಕ್ಷರ ಮತ್ತು ಅಂಕೆ ಮಾತ್ರ ಇರಲಿ. ಪ್ರತಿ ಸಾಲಿನಿಂದ ಒಂದು ಒಳ್ಳೆಯ ಸ್ಥಿರಚಿತ್ರವನ್ನೂ ಸೇರಿಸಿ. ಪಿಡಿಎಫ್ ಓದುವವರಿಗೆ, ಜೋಯಿಡಾದಂಥ ಕಡೆ ಸಿಗ್ನಲ್ ಹುಡುಕುತ್ತಾ ಓದುವವರಿಗೆ ಅದೊಂದೇ ಕಾಣುವುದು.

ಮಳೆಗಾಲದಲ್ಲಿ ಇಲ್ಲಿ ಕರೆಂಟು ಯಾವಾಗ ಹೋಗುತ್ತದೆ ಹೇಳಲಾಗದು. ಅರ್ಧ ಏರಿದ ಜಿಪ್ ಕಡತ ಹೊರನೋಟಕ್ಕೆ ಪೂರ್ತಿಯಂತೆಯೇ ಕಾಣಬಹುದು. ಕಳುಹಿಸುವ ಮೊದಲು ಚೆಕ್‌ಸಮ್ (ಕಡತ ಬದಲಾದರೆ ತಾನೂ ಬದಲಾಗುವ ಲೆಕ್ಕದ ಸಂಖ್ಯೆ) ತೆಗೆದು ಪತ್ರದಲ್ಲಿ ಬರೆಯಿರಿ, ಒಟ್ಟು ಸ್ಲೈಸ್‌ಗಳ ಸಂಖ್ಯೆಯನ್ನೂ ಬರೆಯಿರಿ. ಪತ್ರಿಕೆಯವರ ಕಡೆ ಎರಡೂ ತಾಳೆಯಾದರೆ ಕಡತ ಸುರಕ್ಷಿತವಾಗಿ ಮುಟ್ಟಿದೆ.

## ಹಂತ 10: ಕರಡು ಪುಟದ ಪರೀಕ್ಷೆ

ಕರಡು ಪುಟದ ಕೊಂಡಿ ಬಂದಾಗ ಕಂಪ್ಯೂಟರಿನಲ್ಲಿ ಒಮ್ಮೆ, ಸಾಧಾರಣ ಮೊಬೈಲ್‌ನಲ್ಲಿ ಒಮ್ಮೆ, ವೈಫೈ ಬಿಟ್ಟು ಮೊಬೈಲ್ ಡೇಟಾದಲ್ಲಿ ಒಮ್ಮೆ ತೆರೆಯಿರಿ. ಮೊದಲ ಸ್ಲೈಸ್ ಬೇಗ ಬಂದು ಉಳಿದವು ಹಿಂದಿನಿಂದ ಬರಬೇಕು. ಎಲ್ಲವೂ ಬರುವವರೆಗೆ ಪರದೆ ಖಾಲಿ ಇದ್ದರೆ ಪುಟ ಕಟ್ಟಿದವರಿಗೆ ತಿಳಿಸಿ. ಬೆರಳಿನಿಂದ ಸ್ಲೈಸ್ ಸರಿಸುವಾಗ ಇಡೀ ಪುಟವೇ ಸರಿಯುತ್ತಿದ್ದರೆ ಅದನ್ನೂ ತಿಳಿಸಿ. ಕೀಲಿಮಣೆಯ ಬಾಣದ ಗುಂಡಿಯಿಂದ ಸ್ಲೈಸ್ ಚಲಿಸಬೇಕು. ಗುರುತು ತೋರಿಸಿದಾಗ ಬಾಣ ಮುಳ್ಳಿನ ಮೇಲೆಯೇ ಬಿದ್ದಿದೆಯೇ, ಚಿತ್ರ ದೊಡ್ಡದು ಮಾಡಿದಾಗಲೂ ಅಲ್ಲೇ ಇದೆಯೇ ನೋಡಿ.

ಪುಟದ ಚಿತ್ರವನ್ನು ಒಮ್ಮೆ ಇಳಿಸಿಕೊಂಡು ಅದರ ಹೆಡರನ್ನು ಮತ್ತೆ ತೆರೆದು ಓದಿ. ನೀವು ಕಳುಹಿಸಿದ್ದು ಶುದ್ಧವಾಗಿದ್ದರೂ ನಡುವೆ ಯಾರೋ ಹಳೆಯ ಕಡತ ಹಾಕಿರುವ ಸಾಧ್ಯತೆ ಇದೆ. ಪ್ರಕಟವಾದ ಮೇಲೆ ಹೆಸರು ಕಣ್ಣಿಗೆ ಬಿದ್ದರೆ ಆ ಗಳಿಗೆಯಲ್ಲೇ ಸಂಪಾದಕರಿಗೆ ಫೋನ್ ಮಾಡಿ, ಯಾವ ಕಡತ, ಯಾವ ಸ್ಲೈಸ್ ಎಂದು ಬರೆದೂ ಕಳುಹಿಸಿ. ಮೊದಲು ಕಡತ ಕೆಳಗಿಳಿಯಲಿ, ಕಾರಣ ಹುಡುಕುವುದು ಆಮೇಲೆ. ರೋಗಿಗೂ ತಿಳಿಸಿ.

ಪುಟ ಅಂತಿಮವಾದ ಮೇಲೆ ಸಿಡಿಯ ನಕಲು, ಅರ್ಧ ಶುದ್ಧವಾದ ಫೋಲ್ಡರ್, ಇಮೇಲ್‌ನ ಕರಡಿಗೆ ಲಗತ್ತಿಸಿ ಮರೆತ ಜಿಪ್, ಎಲ್ಲವನ್ನೂ ಹುಡುಕಿ ಅಳಿಸಿ, ಕಸದಬುಟ್ಟಿಯನ್ನೂ ಖಾಲಿ ಮಾಡಿ. ಯಾವ ಪ್ರಕರಣ ಯಾರದ್ದು ಎಂದು ಬರೆದ ಒಂದು ಹಾಳೆ ಮಾತ್ರ ಒಪ್ಪಿಗೆ ಪತ್ರದ ಜೊತೆ ಆಸ್ಪತ್ರೆಯ ಬೀಗದ ಕಪಾಟಿನಲ್ಲಿ ಇರಲಿ.